ಕಹಿ ಮನಸ್ಸು, ಒಂಟಿ ಮನೆ



ಬೆಟ್ಟ ಹತ್ತುವಾಗ ಚೀಲ ಭಾರ ಅನ್ನಿಸಿದರೆ ಜೊತೆಯವರ ಕೈಗೆ ಕೊಡುತ್ತೇವೆ. ಮನಸ್ಸಿನಲ್ಲಿ ಹೊತ್ತ ಸಿಟ್ಟನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಹರಕೆ ತೀರಿಸಿ, ಮೇಣದ ಬತ್ತಿ ಹಚ್ಚಿ, ಅದನ್ನೇ ಹೊತ್ತುಕೊಂಡು ಇಳಿಯುತ್ತೇವೆ.

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಬರುವ ಭಕ್ತರಿಗೆ ಇದು ಹೊಸ ಮಾತಲ್ಲ. ಕಲ್ಯಾಣದ ನೆಲಕ್ಕೆ ದ್ವೇಷದ ಬೆಲೆ ಗೊತ್ತು. 12ನೆಯ ಶತಮಾನದಲ್ಲಿ ಜಾತಿ ಮರೆತು ಒಟ್ಟಿಗೆ ಕೂತ ಶರಣರು, ಹರಳಯ್ಯ–ಮಧುವರಸರ ಮಕ್ಕಳ ಮದುವೆಯ ನಂತರ ಎದ್ದ ದ್ವೇಷದಲ್ಲಿ ದಿಕ್ಕಾಪಾಲಾದರು. ಒಂದು ಮನೆಯೂ ಹಾಗೇ ಚದುರುತ್ತದೆ. ಹೊಲದ ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ಅಕ್ಕತಂಗಿಯರು ದೂರಾಗುತ್ತಾರೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆಯಿತು, ದೂರದ ಊರುಗಳು ಹತ್ತಿರವಾದವು. ಅದೇ ಓಣಿಯ ತಮ್ಮನ ಮನೆ ಮಾತ್ರ ದೂರವೇ ಉಳಿಯಿತು!

ಎಲ್ಲ ಒಂಟಿತನವೂ ಕಹಿಯಿಂದ ಬರುವುದಿಲ್ಲ. ಗಂಡನನ್ನು ಕಳೆದುಕೊಂಡ ತಾಯಿಗೆ, ಮಕ್ಕಳು ದುಡಿಯಲು ಪುಣೆ, ಹೈದರಾಬಾದಿಗೆ ಹೋದ ಮುದುಕರಿಗೆ ಜನರ ಆಸರೆ ಬೇಕು. ಆದರೆ ಕಹಿಯಿಂದ ಬಂದ ಒಂಟಿತನ ಜನರ ನಡುವೆ ಇದ್ದರೂ ಹೋಗುವುದಿಲ್ಲ. ಅದರ ಚಿಲಕ ಒಳಗಿನಿಂದ ಹಾಕಿದ್ದು.

ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ದುಂದುಗಾರ ಮಗನ ಕಥೆ ಇದೆ. ತಮ್ಮ ಮನೆಗೆ ಬಂದ, ಹಬ್ಬ ನಡೆದಿದೆ. ಹೊಲದಿಂದ ಬಂದ ಅಣ್ಣ ಮಾತ್ರ ಒಳಗೆ ಹೋಗದೆ ಹೊರಗೇ ನಿಂತ. ಅವನ ದೂರಿನಲ್ಲಿ ಸುಳ್ಳಿಲ್ಲ. ವರ್ಷಗಟ್ಟಲೆ ದುಡಿದವನು ಅವನೇ. ಆದರೆ ತಂದೆಯ ಎದುರು 'ತಮ್ಮ' ಎಂಬ ಮಾತೇ ಅವನ ಬಾಯಿಂದ ಬರುವುದಿಲ್ಲ. ನ್ಯಾಯ ಅವನ ಕಡೆ ಇದೆ, ಆದರೂ ಅವನು ಒಂಟಿ. ಅವನನ್ನು ಕರೆಯಲು ತಂದೆಯೇ ಅಂಗಳಕ್ಕೆ ಬರುತ್ತಾನೆ. ದೇವರು ನಮ್ಮ ಹತ್ತಿರ ಬರುವುದೂ ಹೀಗೆಯೇ.

"ಅವನೇ ಬಂದು ತಪ್ಪಾಯ್ತು ಅನ್ನಲಿ, ಆಮೇಲೆ ನೋಡೋಣ" ಅನ್ನುತ್ತೇವೆ ಅಲ್ವೇ? ರಾಜಿಗೆ ಇಬ್ಬರು ಬೇಕು, ನಿಜ. ಕ್ಷಮೆಗೆ ಒಬ್ಬರೇ ಸಾಕು. ಎದುರಿನವರು ಬರಲೇ ಇಲ್ಲ ಅಂದರೆ ನಾವು ಬದುಕಿಡೀ ಬಾಗಿಲು ಕಾಯಬೇಕೇ?

1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲೇ ಸುಟ್ಟು ಕೊಂದರು. ಯಾರೂ ಬಂದು ಕ್ಷಮೆ ಕೇಳಲಿ ಎಂದು ಪತ್ನಿ ಗ್ಲಾಡಿಸ್ ಕಾಯಲಿಲ್ಲ. ಕ್ಷಮಿಸಿದ್ದೇನೆ ಎಂದು ಹೇಳಿ, ಮಗಳೊಂದಿಗೆ ಅಲ್ಲೇ ಉಳಿದು ಕೆಲವು ವರ್ಷ ರೋಗಿಗಳ ಸೇವೆ ಮುಂದುವರಿಸಿದರು. ಈ ಕ್ಷಮೆ ಕಾನೂನಿಗೆ ಅಡ್ಡ ಬರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆ ಅಂದರೆ ತಪ್ಪನ್ನು ಸರಿ ಅನ್ನುವುದಲ್ಲ. ಹೊಡೆಯುವ ಗಂಡನ ಮನೆಗೆ ಮರಳಿ ಪೆಟ್ಟು ತಿನ್ನು ಅಂತಲೂ ಅಲ್ಲ. ಅವನಿಗೆ ಕೇಡಾಗಲಿ ಎಂದು ಕಾಯುವುದನ್ನು ಬಿಡುವುದು, ಅಷ್ಟೇ.

"ಅಷ್ಟು ದೊಡ್ಡ ಮನಸ್ಸು ನಮಗೆಲ್ಲೈತ್ರಿ?" ಎಂದು ಕೇಳಬಹುದು. ಎಷ್ಟು ಸಲ ಕ್ಷಮಿಸಬೇಕು ಎಂದು ಪೇತ್ರ ಕೇಳಿದಾಗ ಯೇಸುಸ್ವಾಮಿ ಕೊಟ್ಟ ಲೆಕ್ಕ ಎಪ್ಪತ್ತೇಳರಷ್ಟು ಸಲ. ಅಷ್ಟು ಸಲ ತಪ್ಪು ಮಾಡುವವರು ಕಡಿಮೆ. ಒಂದೇ ಹಳೆಯ ತಪ್ಪು ಅಷ್ಟು ಸಲ ನೆನಪಾಗುತ್ತದೆ, ನೆನಪಾದಾಗಲೆಲ್ಲ ಮತ್ತೆ ಕ್ಷಮಿಸಬೇಕಾಗುತ್ತದೆ. ಬೆಳಿಗ್ಗೆ ಕ್ಷಮಿಸಿ ಸಂಜೆ ಮತ್ತೆ ಸಿಟ್ಟು ಬಂದರೆ ನೀವು ಸೋತಿಲ್ಲ. ಮತ್ತೊಂದು ಸಲ ಶುರು ಮಾಡಿ. ಒಬ್ಬರ ಶಕ್ತಿಯಿಂದ ಇದು ಆಗದು, ಅದಕ್ಕೇ ಪ್ರಾರ್ಥನೆ.

ಇಂದು ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ಯಾವುದಾದರೂ ಒಂದರ ಮುಂದೆ ನಿಂತು, ನಿಮ್ಮನ್ನು ನೋಯಿಸಿದ ಒಬ್ಬರ ಹೆಸರನ್ನು ಮೆಲ್ಲಗೆ ಹೇಳಿ. ಬೇರೇನೂ ಬೇಡ. ಊರಿಗೆ ಹೋದ ಮೇಲೆ ಅವರು ಎದುರಾದರೆ, ಮುಖ ತಿರುಗಿಸದೆ "ಆರಾಮದೀರಾ?" ಅಂತ ಕೇಳಿ.

ಓ ಪ್ರಭುವೇ, ಅಂಗಳದಲ್ಲಿ ನಿಂತ ನನ್ನ ಕೈ ಹಿಡಿದು ಒಳಗೆ ಕರೆದುಕೋ. ನನಗಿಂತ ಮೊದಲು ಒಳಗೆ ಬಂದವರ ಪಕ್ಕದಲ್ಲಿ ಕೂರುವ ಮನಸ್ಸು ಕೊಡು. ಆಮೆನ್.