ಅಮ್ಮನ ‘ಬೇಡ’

2025ರ ಫೆಬ್ರವರಿಯ ಮೊದಲ ವಾರ. ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಪೇಪರು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಹಾಸಿದ ಪೇಪರನ್ನೂ ಓದದೆ ಬಿಡುವವಳಲ್ಲ ಅವಳು. ಸಿಪ್ಪೆ ಪಕ್ಕಕ್ಕೆ ಸರಿಸಿ ಒಂದು ಸುದ್ದಿಯ ಮೇಲೆ ಬೆರಳಿಟ್ಟು, ‘ಇದರ ಫಾರಂ ಎಲ್ಲಿ ಸಿಗತ್ತೆ ನೋಡೋ’ ಅಂದಳು. ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯ ಸುದ್ದಿ ಅದು. ಗುಣವಾಗುವ ಭರವಸೆಯೇ ಇಲ್ಲದ, ಯಂತ್ರದ ಬಲದಿಂದಷ್ಟೇ ಉಳಿದಿರುವ ರೋಗಿಗೆ ಆ ಚಿಕಿತ್ಸೆಯನ್ನು ನಿಲ್ಲಿಸಿ ಘನತೆಯಿಂದ ಸಾಯಲು ಬಿಡುವ ಬಗೆ ಹೇಗೆ ಎಂದು ಆಸ್ಪತ್ರೆಗಳಿಗೆ ಹೇಳುವ ಸುತ್ತೋಲೆ. ‘ನಂಗೆ ಆ ಪೈಪು ಗೀಪು ಎಲ್ಲ ಬೇಡ. ಈಗ್ಲೇ ಬರ್ದಿಟ್ಬಿಡೋಣ.’

ಆಯ್ತಮ್ಮ ಅಂದೆ. ಐದು ತಿಂಗಳು ಏನೂ ಮಾಡಲಿಲ್ಲ.

ಬರೆದಿಡುವುದು ಕಷ್ಟವೆಂದಲ್ಲ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಲಿವಿಂಗ್ ವಿಲ್ಲನ್ನು ಒಪ್ಪಿದಾಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕು ಎಂದಿತ್ತು. ಮಂಡಿ ಹಿಡಿದುಕೊಂಡು ಯಾವ ಮುದುಕರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ? 2023ರ ಜನವರಿ 24ರ ಆದೇಶ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು. ನಮಗೆ ಮಾತು ನಿಂತಾಗ ನಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆಯಬೇಕು. ಹೊತ್ತು ಬಂದಾಗ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ನೋಡುತ್ತದೆ, ಆಮೇಲೆ ಇನ್ನೂ ಮೂವರ ಎರಡನೇ ಮಂಡಳಿ. ಅದರಲ್ಲೊಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸೂಜಿ ಚುಚ್ಚಿ ಸಾಯಿಸುವ ಮಾತು ಇಲ್ಲಿಲ್ಲ, ಅದು ಇಂದಿಗೂ ಅಪರಾಧವೇ.

ನನ್ನ ಕೈ ತಡೆದದ್ದು ಅಮ್ಮನ ‘ಬೇಡ’.

ಆ ಪದವನ್ನು ನಾನು ಐವತ್ತು ವರ್ಷದಿಂದ ಕೇಳುತ್ತಿದ್ದೇನೆ. ಇನ್ನೊಂದು ಹೋಳಿಗೆ ಬೇಡ ಎಂದರೆ ಡಬ್ಬಿಯಲ್ಲಿ ಉಳಿದಿರುವುದು ಎರಡೇ ಎಂದು ಅರ್ಥ. ಹಬ್ಬಕ್ಕೆ ಸೀರೆ ಬೇಡ ಎಂದರೆ ತಂಗಿಯ ಕಾಲೇಜು ಫೀಸು ಕಟ್ಟುವ ತಿಂಗಳು. ಡಾಕ್ಟರ ಹತ್ತಿರ ಬೇಡ ಎಂದರೆ ನನಗೆ ರಜೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಾಗಿದೆ. ಕಾನೂನಿನಲ್ಲಿ ಬೇಡ ಎಂದರೆ ಬೇಡ. ಒತ್ತಾಯವಿಲ್ಲದೆ, ಸ್ವಸ್ಥ ಮನಸ್ಸಿನಿಂದ ಬರೆದದ್ದಾಗಿರಬೇಕು, ಅಷ್ಟೇ. ಅಮ್ಮನನ್ನು ಯಾರೂ ಒತ್ತಾಯಿಸಿಲ್ಲ. ಆದರೆ ಮಕ್ಕಳಿಗೆ ಭಾರವಾಗಬಾರದು ಎಂದು ಹೆಂಗಸರಿಗೆ ಹುಟ್ಟಿನಿಂದ ಕಲಿಸಿಕೊಂಡು ಬಂದದ್ದನ್ನು ಯಾವ ನೋಟರಿ ಹುಡುಕಿ ತೆಗೆದಾನು?

ದುಡ್ಡಿನ ಮಾತೂ ಇದರೊಳಗೇ ಇದೆ. ಈ ನಿಯಮಗಳು ಮಂಡಳಿಗಳ ಬಗ್ಗೆ ಅಷ್ಟು ಹೇಳಿ ಬಿಲ್ಲಿನ ಬಗ್ಗೆ ಸುಮ್ಮನಿವೆ. ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ನಮ್ಮ ರಾಜ್ಯ 2017ರಲ್ಲಿ ತಂದ ತಿದ್ದುಪಡಿ ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದು ಎಂದಿತು. ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿ, ರೋಗಿಗಳು ಬೀದಿಪಾಲಾದದ್ದು ನೆನಪಿರಬಹುದು. ಸತ್ತ ಮೇಲೆ ಬಿಲ್ಲು ಅಡ್ಡ ಬರಬಾರದು, ಸರಿ. ಸಾಯುವ ಮುಂಚೆ? ಐಸಿಯು ಬಾಡಿಗೆಯಿಂದ ನಡೆಯುವ ಆಸ್ಪತ್ರೆಯ ವೈದ್ಯರೇ ಮೊದಲ ಮಂಡಳಿಯಲ್ಲಿ ಕೂರುತ್ತಾರೆ, ಆ ಬಾಡಿಗೆ ಕಟ್ಟಿ ಸೋತ ಮನೆಯವರೇ ಒಪ್ಪಿಗೆಗೆ ಸಹಿ ಹಾಕುತ್ತಾರೆ. ಇಬ್ಬರ ಮಾತಿನಲ್ಲೂ ದುಡ್ಡಿನ ಎಳೆ ಇದ್ದೇ ಇರುತ್ತದೆ. ಕಾನೂನು ಬರುವ ಮುಂಚೆಯೂ ನಮ್ಮವರು ಇದನ್ನು ಮಾಡುತ್ತಲೇ ಇದ್ದರು. ‘ನಮ್ಮ ಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇವೆ’ ಎಂದು ಬರೆದುಕೊಟ್ಟು, ಆಂಬುಲೆನ್ಸಿನಲ್ಲಿ ಊರು ಮುಟ್ಟುವವರೆಗೆ ಆಮ್ಲಜನಕ ಇಟ್ಟುಕೊಂಡು ಹೋಗುವವರನ್ನು ಯಾರು ನೋಡಿಲ್ಲ? ಅದರಲ್ಲಿ ಇಚ್ಛೆ ಎಷ್ಟು, ಕೈ ಖಾಲಿಯಾದದ್ದು ಎಷ್ಟು?

ಬೇಡ ಎನ್ನಲು ಬಾಯೇ ಇಲ್ಲದವರ ವಿಷಯ ಇನ್ನೂ ಕಷ್ಟ. ಈ ಕಾನೂನಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಹೊನ್ನಾವರ ತಾಲ್ಲೂಕಿನ ಹಳದೀಪುರ ಸಿಗುತ್ತದೆ. ಅರುಣಾ ಶಾನಭಾಗ್ ಅಲ್ಲಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾದವರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ನೌಕರನೊಬ್ಬ ನಡೆಸಿದ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲೇ ಮಲಗಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಇದು ಬದುಕಲ್ಲ, ಆಹಾರ ಕೊಡುವುದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸುಗಳು ಒಪ್ಪಲಿಲ್ಲ. ತಾವು ಮೀಯಿಸಿ, ಉಣ್ಣಿಸಿ ನೋಡಿಕೊಳ್ಳುತ್ತಿರುವ ಜೀವ ಅದು ಎಂದರು. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿಯನ್ನು ಒಪ್ಪಲಿಲ್ಲ, ಆದರೆ ಹೈಕೋರ್ಟಿನ ಅನುಮತಿ ಇದ್ದರೆ ಇಂಥವರ ಚಿಕಿತ್ಸೆ ನಿಲ್ಲಿಸಬಹುದು ಎಂದು ದಾರಿಯನ್ನೂ ತೆರೆಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಮಾತ್ರ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು. ವಿರಾನಿಯವರ ವಾದ ನನಗೆ ಇಂದಿಗೂ ಸರಿಯೆನಿಸುತ್ತದೆ. ಆದರೂ ಕೋರ್ಟು ಅಲ್ಲಿ ಕೇಳಿದ ಪ್ರಶ್ನೆಯನ್ನು ಮರೆಯಲಾರೆ: ಇಷ್ಟು ವರ್ಷ ಪಕ್ಕದಲ್ಲಿದ್ದವರು ಯಾರು?

ಅಮ್ಮನ ‘ಬೇಡ’ದಲ್ಲಿ ನಮ್ಮ ಮೇಲಿನ ಕಾಳಜಿ ಸೇರಿದೆ, ಆದ್ದರಿಂದ ಅದು ಅವಳ ಇಚ್ಛೆಯಲ್ಲ ಎಂದು ಎಷ್ಟೋ ದಿನ ವಾದ ಹೂಡಿಕೊಂಡೆ. ಆಮೇಲೆ ನನಗೇ ನಾಚಿಕೆಯಾಯಿತು. ಅವಳು ಇನ್ನೊಬ್ಬರಿಗಾಗಿ ಬಯಸಿದ್ದನ್ನೆಲ್ಲ ತೆಗೆದುಹಾಕಿದರೆ ಉಳಿಯುವವಳು ಯಾರು? ಅದು ನನ್ನ ಅಮ್ಮ ಅಲ್ಲ. ಆದರೆ ಪ್ರೀತಿಯಿಂದ ಬಂದ ‘ಬೇಡ’ ಬೇರೆ, ರೇಟು ನೋಡಿ ಬಂದ ‘ಬೇಡ’ ಬೇರೆ. ಅದನ್ನು ಕೇಳಿಯೇ ತಿಳಿಯಬೇಕು. ಜುಲೈನ ಒಂದು ಸಂಜೆ ಕೇಳಿದೆ.

‘ಒಂದು ಪೈಸೆ ಖರ್ಚಿಲ್ಲ ಅಂದ್ರೂ ಬೇಡ್ವಾ ಅಮ್ಮ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಿಮ್ಮಪ್ಪನ ಕೈ ಕಟ್ಟಿದ್ರು ಕಣೋ. ಪೈಪ್ ಕಿತ್ಕೋತಾರೆ ಅಂತ ಮಂಚಕ್ಕೆ ಬಟ್ಟೇಲಿ ಕಟ್ಟಿದ್ರು. ಹನ್ನೊಂದು ದಿನ. ನಾನು ಕೈ ಹಿಡ್ಕೊಳೋಣ ಅಂದ್ರೆ ಅದೂ ಆಗ್ಲಿಲ್ಲ.’

ನನಗೆ ಗೊತ್ತಿರಲಿಲ್ಲ. ಅಪ್ಪ ಐಸಿಯುನಲ್ಲಿದ್ದ ಆ ಹನ್ನೊಂದು ದಿನ ನಾನು ಹೆಚ್ಚಾಗಿ ಬಿಲ್ ಕೌಂಟರಿನ ಮುಂದೆ, ಇನ್ಶೂರೆನ್ಸಿನವರ ಫೋನಿನಲ್ಲಿ ಇದ್ದೆ. ಸಂಜೆ ವೈದ್ಯರು ಕರೆದು ‘ಏನು ಮಾಡೋಣ ಹೇಳಿ’ ಎಂದಾಗಲೆಲ್ಲ ಇನ್ನೊಂದು ದಿನ ನೋಡೋಣ ಸಾರ್ ಎಂದವನು ನಾನೇ. ಒಳಗೆ ಹೋಗಿ ಬರುತ್ತಿದ್ದವರು ಅಮ್ಮ ಮತ್ತು ತಂಗಿ.

ಮರುದಿನ ಫಾರಂ ತುಂಬಲು ಕೂತೆವು. ಪರವಾಗಿ ಮಾತಾಡುವವರ ಹೆಸರು ಬರೆಯುವ ಜಾಗಕ್ಕೆ ಬಂದಾಗ, ‘ನಿಂದು ಬೇಡ, ನಿನ್ ತಂಗೀದು ಬರಿ’ ಅಂದಳು. ‘ನಿನ್ನ ಕೈಲಿ ಆಗಲ್ಲ.’

ಈ ‘ಬೇಡ’ಕ್ಕೆ ಅರ್ಥ ಹುಡುಕಬೇಕಾಗಿರಲಿಲ್ಲ. ಮೈಸೂರಿಗೆ ಫೋನು ಮಾಡಿ ತಂಗಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಒಬ್ಬಳ ತಲೆ ಮೇಲೆ ಹಾಕ್ಬೇಡ ಅಣ್ಣ’ ಅಂದಳು. ಒಬ್ಬರಿಗಿಂತ ಹೆಚ್ಚು ಹೆಸರು ಬರೆಯಬಹುದು. ಅವಳದು ಮೊದಲು, ಕೆಳಗೆ ನನ್ನದು ಬರೆದೆ. ಸಾಕ್ಷಿಗೆ ಎದುರು ಮನೆಯ ದಂಪತಿ ಬಂದರು. ನಾಲ್ಕು ಜನವೂ ಒಂದೇ ಆಟೋದಲ್ಲಿ ಇಕ್ಕಟ್ಟಾಗಿ ಕೂತು ಚಿಕ್ಕಲ್ಲಸಂದ್ರದ ನೋಟರಿಯ ಹತ್ತಿರ ಹೋದೆವು. ವಾಪಸು ಬರುವಾಗ ದಾರಿಯಲ್ಲಿ ಕಾಫಿ ಕುಡಿಯೋಣ ಎಂದೆ. ಬೇಡ ಅಂದಳು. ಆಟೋ ನಿಲ್ಲಿಸಿ ಎಲ್ಲರಿಗೂ ಕಾಫಿ ಕೊಡಿಸಿದೆ, ಅಮ್ಮ ಪೂರ್ತಿ ಕುಡಿದಳು.