ಕಲಾವಿದನೂ ರಾಜಧಾನಿಯೂ

ಪಟ್ಟಣವು ಬೆಳೆದಂತೆ ಕಲಾವಿದರು ಅದನ್ನರಸಿ ಬರುವದು ಲೋಕರೂಢಿ. ಬಂದವನಿಗೆ ಅಲ್ಲಿ ದೊರೆಯುವದು ಮನ್ನಣೆಯೋ ನೆಲೆಯೋ ಎಂದು ಕೇಳುವವರು ವಿರಳ. ಇವೆರಡೂ ಒಂದೇ ಎಂಬ ಭ್ರಮೆ ಸಾಮಾನ್ಯವಾಗಿರುವದರಿಂದ ಈ ಪ್ರಶ್ನೆಯು ವಿಚಾರಣೀಯವಾಗಿದೆ.

ಇಂದಿನ ಬಸವಕಲ್ಯಾಣವು ಚಾಳುಕ್ಯರ ರಾಜಧಾನಿಯಾಗಿದ್ದ ಕಾಲವನ್ನು ವಾಚಕರು ನೆನೆಯಬೇಕು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬-೧೧೨೬) ಅಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿ, ಕಲ್ಯಾಣದಂಥ ನಗರವು ಹಿಂದೆ ಇರಲಿಲ್ಲ, ಮುಂದೆಯೂ ಆಗದು ಎಂದು ಕೊಂಡಾಡಿದನು. ಅದೇ ಆಸ್ಥಾನಕ್ಕೆ ಕಾಶ್ಮೀರದ ಖೋನಮುಖವೆಂಬ ಗ್ರಾಮದ ಬಿಲ್ಹಣನು ಮಥುರೆ, ಕಾಶಿ ಮೊದಲಾದ ಕ್ಷೇತ್ರಗಳನ್ನು ಸುತ್ತಿ ಬಂದು ಸೇರಿದನು. ಅರಸನು ಅವನಿಗೆ ವಿದ್ಯಾಪತಿಯ ಪದವಿಯನ್ನಿತ್ತನು. ಅವನ ಕೊಡೆಯು ಆನೆಯ ಮೇಲೆ ರಾಜನೆದುರಿಗೇ ಮೆರೆಯುತ್ತಿದ್ದಿತು. ಪ್ರತಿಯಾಗಿ ಕವಿಯು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ಒಪ್ಪಿಸಿದನು. ಆದರೆ ಕೊನೆಯ ಸರ್ಗದಲ್ಲಿ ಅವನ ಮನಸ್ಸು ಕಲ್ಯಾಣದಲ್ಲಿಲ್ಲ. ತವರೂರಿನ ಕೇಸರಿ ದ್ರಾಕ್ಷಿಗಳಲ್ಲಿದೆ.

ಇನ್ನೂ ಒಂದು ಸಂಗತಿಯನ್ನು ಕಲ್ಹಣನು ರಾಜತರಂಗಿಣಿಯಲ್ಲಿ ಹೇಳಿರುವನು. ಕಾಶ್ಮೀರದಲ್ಲಿ ಹರ್ಷನೆಂಬ ಅರಸನು ಕವಿಗಳಿಗೆ ಬಂಧುವಾಗಿರುವನೆಂದು ಕೇಳಿದಾಗ ಬಿಲ್ಹಣನಿಗೆ ತನ್ನ ಅಷ್ಟೂ ವೈಭವವು ವಂಚನೆಯೆಂದು ತೋರಿತಂತೆ. ಆ ಹರ್ಷನೇ ಮುಂದೆ ದೇವಾಲಯಗಳನ್ನು ಸುಲಿದು, ಲೋಹದ ವಿಗ್ರಹಗಳನ್ನು ಕರಗಿಸಿ, ೧೧೦೧ರಲ್ಲಿ ಹತನಾದನು. ದೂರದ ಬೆಟ್ಟ ನುಣ್ಣಗೆ!

ಉಂಡ ಮನೆಯ ಜಂತೆ ಎಣಿಸಿದನೆಂದು ಬಿಲ್ಹಣನನ್ನು ಹಳಿಯುವದು ಸುಲಭ. ಅದು ನ್ಯಾಯವಲ್ಲ. ಉಂಡ ಋಣವನ್ನು ಅವನು ಕಾವ್ಯದಿಂದ ತೀರಿಸಿದ್ದಾನೆ. ಅವನಿಗಿದ್ದ ಕೊರತೆಯೇ ಬೇರೆ. ಒಬ್ಬನ ಕೈಯಿಂದ ಬಂದ ಕೊಡೆಯು ಆ ಒಬ್ಬನ ಕೈಯಿಂದಲೇ ಹೋಗತಕ್ಕದ್ದು. ಅದೂ ಅಲ್ಲದೆ ಕನ್ನಡವಾಡುವ ಪಟ್ಟಣದ ಬೀದಿಗೆ ಆ ಸಂಸ್ಕೃತ ಕಾವ್ಯವು ಎಷ್ಟು ಮುಟ್ಟಿದ್ದೀತು? ಬ್ಯೂಲರ ಪಂಡಿತನಿಗೆ ೧೮೭೪ರಲ್ಲಿ ಅದರ ಓಲೆಪ್ರತಿಯು ದೊರೆತದ್ದು ಮರುಭೂಮಿಯ ಜೈಸಲಮೇರಿನಲ್ಲಿ.

ಇನ್ನು ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಗೆ ಬರುವ. ಅಲ್ಲಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯು ಮೈಬಳುಕಿಸಿ ನಿಂತು ಫಲಕದ ಮೇಲೆ ಬರೆಯುತ್ತಿರುವಳು. ಅವಳು ಬರೆದದ್ದು ಅದೇ ವಿಕ್ರಮಾದಿತ್ಯನ ಕೀರ್ತಿಯನ್ನು. ಬಿಲ್ಹಣನು ಹದಿನೆಂಟು ಸರ್ಗಗಳಲ್ಲಿ ಮಾಡಿದ ಕೆಲಸವನ್ನು ಅವಳು ಒಂದು ಶ್ಲೋಕದಲ್ಲಿ ಮುಗಿಸಿರುವಳು. ಆದರೆ ಅಲ್ಲಿರುವದು ಅರಸನ ಹೆಸರು, ಉಳಿ ಹಿಡಿದವನದಲ್ಲ. ಹೆಸರಿಲ್ಲದಿರುವದೇ ಹಿರಿತನವೆನ್ನುವದು, ಹೆಸರುಳ್ಳವರು ಆಡುವ ಅಗ್ಗದ ಮಾತು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನಲ್ಲಿ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿರುವರು. ಶಿಲ್ಪಿಗೂ ಹೆಸರಿನ ಆಸೆಯುಂಟು. ಆದರೂ ಜಲಸಂಗಿಯವನಿಗೆ ಬಿಲ್ಹಣನಿಗಿಲ್ಲದ ಒಂದು ಭಾಗ್ಯವಿದ್ದಿರಬೇಕು: ಪಕ್ಕದ ಕಲ್ಲಿನ ಮುಂದೆ ಕುಳಿತವನು ಆ ಬಳುಕಿನ ತಪ್ಪು ಒಪ್ಪುಗಳನ್ನು ಬಲ್ಲವನಾಗಿದ್ದನು. ಕಲಾವಿದನ ನೆಲೆಯೆಂದರೆ ಬಹುಮಟ್ಟಿಗೆ ಇಂಥ ನೆರೆಯೇ ಸರಿ. ಹೊಗಳುವ ಸಾವಿರ ಜನರಿಗಿಂತ, ತಿದ್ದಬಲ್ಲ ನಾಲ್ವರು ದುರ್ಲಭರು.

ಮುಂದೆ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರ ಕೂಟವು ಬೆಳೆಯಿತು. ಅಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಬುಟ್ಟಿ ಹೆಣೆಯುವ ಮೇದರ ಕೇತಯ್ಯನೂ ವಚನಕಾರರಾದರು. ಕೊಡೆ ಆನೆಗಳ ಮಾತಿರಲಿಲ್ಲ. ಕಾಯಕದಿಂದಲೇ ಕುಳಿತುಕೊಳ್ಳುವ ಹಕ್ಕು. ನುಡಿಗೆ ತಕ್ಕ ನಡೆಯಿಲ್ಲದಿದ್ದರೆ ಎದುರಿಗೇ ಕೇಳುವವರಿದ್ದರು. ಆ ನೆಲೆಯೂ ಶಾಶ್ವತವಾಗಲಿಲ್ಲವೆಂಬುದನ್ನು ಮರೆಯಲಾಗದು. ಬಿಜ್ಜಳನ ಅಂತ್ಯಕಾಲದ ಕ್ಷೋಭೆಯಲ್ಲಿ, ೧೧೬೭ರ ಸುಮಾರಿಗೆ, ಕೂಟವು ಚದುರಿತು. ಹಲವರು ಉಳವಿಯ ದಾರಿ ಹಿಡಿದರೆಂದು ಪರಂಪರೆಯು ಹೇಳುವದು. ಪಟ್ಟಣವನ್ನು ಬಿಟ್ಟು ಹೋದವರ ಮಾತುಗಳು ಕನ್ನಡಿಗರ ನಾಲಿಗೆಯ ಮೇಲೆ ಉಳಿದವು. ಜಲಸಂಗಿಯ ಹೆಣ್ಣು ಇಂದಿಗೂ ಬರೆಯುತ್ತಲೇ ನಿಂತಿರುವಳು.