ಹೆಸರಿಗೂ ಮೊದಲು

ಮನೆಯಲ್ಲಿ ಕನ್ನಡ ಕಲಿಸುವವನೊಬ್ಬನಿದ್ದರೆ ಲಗ್ನಪತ್ರಿಕೆಯ ಕರಡು ತಿದ್ದುವ ಕೆಲಸ ಅವನ ಪಾಲಿಗೇ ಬರುತ್ತದೆ. ಯಡೂರಿನಲ್ಲಿ ಅಣ್ಣನ ಮಗಳ ಮದುವೆ ಗೊತ್ತಾದಾಗ ನನಗೂ ಬಂತು. ಹೆಂಗಸರ ಹೆಸರುಗಳಿಗೆ ಮೊದಲು ‘ಸೌ.’ ಸಾಲುಗಟ್ಟಿ ನಿಂತಿತ್ತು. ಸೋದರತ್ತೆಯ ಹೆಸರಿಗೆ ಮಾತ್ರ ‘ಗಂ. ಭಾ.’. ಗಂಗಾ ಭಾಗೀರಥಿ ಎಂಬುದು ಮರಾಠಿಯಿಂದ ನಮ್ಮ ಗಡಿಗೆ ಬಂದ ವಿಶೇಷಣ. ಹೆಸರು ಪುಣ್ಯನದಿಯದು, ಅರ್ಥ ಗಂಡ ಸತ್ತವಳೆಂದು. ಅದನ್ನು ಹೊಡೆದು ‘ಶ್ರೀಮತಿ’ ಎಂದು ಬರೆದೆ. ಉಪಕಾರ ಮಾಡಿದೆನೆಂದೇ ಎಣಿಸಿದೆ. ಅತ್ತೆ ಕೇಳಿದರು:

“ಯಾಕ ತಮ್ಮಾ, ಬರೇ ನನ್ನ ಹೆಸರಷ್ಟ ಹಾಕಿದ್ರ ಪತ್ರಿಕಿಗೆ ಏನರ ಕಮ್ಮಿ ಆಗತೈತೇನು?”

ಉತ್ತರ ಹೊಳೆಯಲಿಲ್ಲ.

ನರ್ಸ್ ಕೆಲಸಕ್ಕೆಂದು ಜರ್ಮನ್ ಕಲಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ಅರ್ಜಿಯೊಂದನ್ನು ತೋರಿಸಿದ್ದು ಆಗ ನೆನಪಾಯಿತು. ವೈವಾಹಿಕ ಸ್ಥಿತಿಯ ಕಾಲಮಿನಲ್ಲಿ ಅವಿವಾಹಿತರಿಗೆ ‘ಲೇಡಿಷ್’, ಸಂಗಾತಿ ಸತ್ತವರಿಗೆ ‘ಫರ್‌ವಿಟ್ವೆಟ್’. ಗಂಡಿಗೂ ಹೆಣ್ಣಿಗೂ ಒಂದೇ ಪದ. ಕೇಳಲೇಬೇಕಾದ ಕಚೇರಿ ಇಬ್ಬರನ್ನೂ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಜರ್ಮನರೇನೂ ಮೊದಲಿನಿಂದ ಇಷ್ಟು ನ್ಯಾಯವಂತರಲ್ಲ. ಗಂಡಸು ಮದುವೆಯಾಗಲಿ ಬಿಡಲಿ, ‘ಹೆರ್’. ಹೆಣ್ಣು ಮಾತ್ರ ಮದುವೆಗೆ ಮೊದಲು ‘ಫ್ರಾಯ್ಲೈನ್’, ಅನಂತರ ‘ಫ್ರೌ’. ಫ್ರಾಯ್ಲೈನ್ ಎಂದರೆ ಪುಟ್ಟ ಫ್ರೌ, ವ್ಯಾಕರಣದಲ್ಲಿ ನಪುಂಸಕಲಿಂಗ! (ನಗುವುದು ಬೇಡ, ನಾವೂ ‘ಹುಡುಗಿ ಬಂತು’ ಎನ್ನುವವರೇ.) 1972ರಲ್ಲಿ ಪಶ್ಚಿಮ ಜರ್ಮನಿಯ ಗೃಹಖಾತೆ ಆ ಪದವನ್ನು ಸರಕಾರಿ ಬರಹದಿಂದ ತೆಗೆಸಿತು. ಈಗ ಎಲ್ಲರೂ ಫ್ರೌ.

ನಮ್ಮ ಗಡಿಯಾಚೆ ಶಿರೋಳ ತಾಲೂಕಿನ ಹೇರವಾಡ ಗ್ರಾಮಪಂಚಾಯತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಿಲ್ಲಬೇಕೆಂದು ಠರಾವು ಮಾಡಿತು. ಮರುವರ್ಷವೇ ಮಹಾರಾಷ್ಟ್ರದ ಸಚಿವರೊಬ್ಬರು ‘ವಿಧವೆ’ಯ ಬದಲು ‘ಗಂಗಾ ಭಾಗೀರಥಿ’ ಬಳಸುವ ಸೂಚನೆ ಮುಂದಿಟ್ಟು ಟೀಕೆಗೆ ಗುರಿಯಾದರು. ಬಳೆ ಉಳಿಸಿಕೊಟ್ಟು ಹಣೆಪಟ್ಟಿ ಬದಲಿಸಿದರೆ ಸಾಕೇ?

ಅತ್ತೆಯ ಮಾತಿನಂತೆ ‘ಶ್ರೀಮತಿ’ಯನ್ನೂ ಹೊಡೆದೆ. ಅಷ್ಟು ‘ಸೌ.’ಗಳ ನಡುವೆ ಆ ಬರಿಯ ಹೆಸರು ‘ಗಂ. ಭಾ.’ಗಿಂತ ಗಟ್ಟಿಯಾಗಿ ಕೂಗುತ್ತಿತ್ತು. ಹಾಗಾದರೆ ಎಲ್ಲರದನ್ನೂ ತೆಗೆಯಬೇಕು.

“ನನ್ನ ಸೌಭಾಗ್ಯ ಅವರಿಗೇನು ಅಡ್ಡ ಬಂದೈತ್ರಿ?” ಎಂದಳು ಹೆಂಡತಿ. ತಳ್ಳಿಹಾಕುವ ಮಾತಲ್ಲ, ಆ ಒಂದಕ್ಷರದಲ್ಲಿ ಅವಳಿಗೆ ನಿಜವಾದ ಸಂತೋಷವಿದೆ. ಆದರೆ ಅವಳ ಸಂತೋಷದ ಗುರುತು ಇನ್ನೊಬ್ಬಳ ಕೊರತೆಯನ್ನು ಸಾರದೆ ನಿಲ್ಲಲಾರದು. ‘ನಾನು ವಿಧುರನಾದರೂ ಶ್ರೀಯೇ’ ಎಂದು ಹೇಳಹೊರಟು, ಮದುವೆಯ ಮನೆಯಲ್ಲಿ ಅಶುಭವೆಂದು ಬಾಯಿ ಮುಚ್ಚಿಕೊಂಡೆ.

ಕೊನೆಗೆ ಗಂಡಸರ ‘ಶ್ರೀ’ಯೂ ಹೋಗಿ, ಪತ್ರಿಕೆ ಬರಿಯ ಹೆಸರುಗಳಿಂದಲೇ ಅಚ್ಚಾಯಿತು. ಬೀಗರು ಮರ್ಯಾದೆ ಕಡಿಮೆಯಾಯಿತೆಂದು ಗೊಣಗಿದರು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅತ್ತೆ ಮೊದಲ ಪ್ರತಿಯನ್ನು ಕೃಷ್ಣೆಯ ದಂಡೆಯ ವೀರಭದ್ರದೇವರ ಮುಂದಿಟ್ಟು ಬಂದರು.